ಮುಂದಿನ ಆಕ್ಸಲ್ಲು, ಪಕ್ಕದ ಸೀಟು

ನಮ್ಮ ಗ್ಯಾರೇಜಿನಾಗ ನಗೂವಂಥಾ ಪ್ರಸಂಗ ಹುಡುಕ್ಕೊಂಡು ಹೋಗಬೇಕಾಗಿಲ್ಲ. ಬ್ರೇಕ್ ಇಲ್ಲದ ಸೈಕಲ್ಲಿನಂಗ ತಾವ ಬಂದು ಡಿಕ್ಕಿ ಹೊಡಿತಾವು. ಗ್ಯಾರೇಜು ಇರೂದು ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯೊಳಗ. ಮಾಲೀಕರು, ಕಲಿಸಾವ್ರು, ಬೈಯಾವ್ರು ಎಲ್ಲಾ ನಮ್ಮ ಉಸ್ತಾದರ. ನಾನು ಎಂಟನೇ ಇಯತ್ತೆಗೆ ಸಾಲಿ ಬಿಟ್ಟು, ಅವ್ವ ಅಪ್ಪನ ಜೋಡಿ ಈ ಊರಿಗೆ ಬಂದು ಸೇರಿದ ಗುಲ್ಬರ್ಗಾದಂವ. ನನಗ ಮೀಸಿ ಮೂಡೂ ಹೊತ್ತಿಗೆ ಬೀದರಿಂದ ನನ್ನ ವಾರಿಗಿಯಂವ ಒಬ್ಬ ಬಂದು ಸೇರ್ಕೊಂಡ. ಅವತ್ತಿಂದ ನನ್ನ ಹೊಟ್ಟಿ ಉರಿ ಆರಿಲ್ಲ.

೧. ಅಪಘಾತ ಆಗದ ಕಾರು

ಗಚ್ಚಿಬೌಲಿಯ ಸಾಫ್ಟ್‌ವೇರ್ ಸಾಹೇಬ್ರೊಬ್ಬರು ನವಾಬರ ಕಾಲದ ಹಳೇ ದೇವಡಿ ಬಂಗಲೆಯೊಂದರಾಗ ತುಕ್ಕು ಹಿಡಿದು ನಿಂತಿದ್ದ, ನಮ್ಮಜ್ಜನ ಕಾಲದ ಕಾರು ಎಳಸ್ಕೊಂಡು ಬಂದ್ರು. ಅದನ್ನ ಹಾಟ್ ರಾಡ್ ಮಾಡಬೇಕಂತ. ಅಂದ್ರ ಮಡ್‌ಗಾರ್ಡ್ ಕಿತ್ತು, ಬಾನೆಟ್ ತಗದು, ಮೂಗು ನೆಲಕ್ಕ ಹತ್ತೂವಂಗ ತಗ್ಗಿಸಿ, ಜೋರು ಎಂಜಿನ್ ಕೂಡಿಸಿ ಓಡಿಸೂದು. ಮಂದಿ ಇಲ್ಲದ್ದನ್ನ ಹಾಕಿಸಾಕ ಬರ್ತಾರ, ಇವರು ಇದ್ದದ್ದನ್ನ ಕೀಳಸಾಕ ಬಂದಾರ ಅಂತ ಉಸ್ತಾದರಿಗೆ ಚಿಂತಿ.

ಎಲ್ಲಾ ಬಿಚ್ಚಿ ಬಾಗಿಲ ಮುಂದ ನಿಲ್ಲಿಸಿದ್ವಿ. ಆಟೋದಂವ ಒಬ್ಬ ಗಾಡಿ ನಿಲ್ಲಿಸಿ, ಯಾರಿಗೂ ಏನೂ ಆಗಿಲ್ಲ ಹೌದಿಲ್ಲೋ ಅಂತ ಕೇಳಿದ. ನಾನು ಮಾರಿ ಸಣ್ಣದು ಮಾಡಿ, ಒಳಗಿದ್ದವರು ಅವರ ನೋಡಣ್ಣ ಅಂತ ಸಾಹೇಬ್ರನ್ನ ತೋರಿಸಿದೆ. ಅಂವ ಓಡಿಹೋಗಿ ಅವರ ರಟ್ಟಿ ಹಿಡಿದು ಕುಂದ್ರಿಸಿ, ತನ್ನ ಬಾಟ್ಲಿ ನೀರು ಕುಡಿಸಿ, ಕಾರು ಇನ್ನೊಂದು ತಗೋಬಹುದು, ಜೀವ ತಗೊಳ್ಳಾಕ ಬರಂಗಿಲ್ಲ ಅಂತ ಸಮಾಧಾನ ಹೇಳಿ ಹೋದ. ಸಾಹೇಬ್ರು ಬಾಯಿ ಒರಸ್ಕೊಂಡು, ಈ ಊರಿನ ಮಂದಿ ಭಾಳ ಛಲೋ ಅಂದ್ರು.

೨. ಜಿಲೇಬಿ

ಮುಂದಿನ ಎರಡೂ ಗಾಲಿ ಹೊರೂ ಆಕ್ಸಲ್ಲನ್ನ ಸಾಹೇಬ್ರು ಹೇಳಿ ಮಾಡಿಸಿ ತಂದಿದ್ರು. ನಡುವ ತೊಟ್ಟಿಲದಂಗ ಜೋತುಬಿದ್ದ ಕಬ್ಬಿಣದ ತೊಲಿ ಅದು. ನಮ್ಮ ಗ್ಯಾರೇಜಿನಾಗ ಒಂದು ಪದ್ಧತಿ ಐತಿ: ಮುಂದಿನ ಆಕ್ಸಲ್ ಬಿಗಿದಂವನ ಟ್ರಯಲ್‌ಗೆ ಡ್ರೈವರ್ ಪಕ್ಕ ಕುಂದ್ರಬೇಕು. ಗಾಲಿ ಕಳಚಿದ್ರ ಬಿಗಿದಂವನ ಮೊದಲ ಬೀಳ್ಲಿ ಅಂತ ಉಸ್ತಾದರ ಲೆಕ್ಕ. ಉಳಿದವರಿಗೆ ಅದು ಶಿಕ್ಷಾ. ನನಗ ಮತ್ತ ಬೀದರಿನಂವಗ ಅದು ಸಿಂಹಾಸನ. ಇಂಥಾ ಗಾಡಿ ಪಕ್ಕದ ಸೀಟು ಜನ್ಮದಾಗ ಮತ್ತೊಮ್ಮೆ ಸಿಗತಿತ್ತೇನು? ಇದ್ದದ್ದು ಒಂದ ಸೀಟು, ಬೇಕಾದವರು ಇಬ್ಬರು.

ಯಾರಿಗೆ ಕೆಲಸ ಕೊಡೂದು ಅಂತ ಉಸ್ತಾದರು ಇಬ್ಬರಿಗೂ ಒಂದೊಂದು ಪಟ್ಟಿ ವೆಲ್ಡಿಂಗ್ ಮಾಡಾಕ ಹಚ್ಚಿದ್ರು. ಅವನದು ನೋಡಿ, ವಾಹ್, ಜಿಲೇಬಿ ಹಂಗ ಸುತ್ತೀದಿ ಅಂದ್ರು. ನಾನೂ ನನ್ನ ಪಟ್ಟಿ ಮುಂದ ಹಿಡಿದೆ. ಸಾವಕಾಶ ಹೊಳ್ಳಿಸಿ ನೋಡಿದ್ರು.

"ಇದೂ ಜಿಲೇಬಿನ," ಅಂದ್ರು, "ಆದ್ರ ಯಾರೋ ತುಳದಾರ."

೩. ಕಪ್ಪು ಕಣ್ಣು

ಇಷ್ಟಾದ ಮ್ಯಾಲೆ ಸುಮ್ಮನ ಕುಂದ್ರೂ ಜಾತಿ ಅಲ್ಲ ನಾನು. ಬೀದರಿನಂವನ ವೆಲ್ಡಿಂಗ್ ಕನ್ನಡಕದ ಅಂಚಿಗೆಲ್ಲಾ ಹಳೇ ಗ್ರೀಸ್ ಸವರಿದೆ. ಅಂವ ಕನ್ನಡಕ ತಗದಾಗ ಎರಡೂ ಕಣ್ಣಿನ ಸುತ್ತ ಕರ್‍ರಗ ವರ್ತುಲ. ನಾವು ನಗೂದು ಯಾಕಂತ ಅವಗ ತಿಳೀಲಿಲ್ಲ.

ಆಗ ಸಾಹೇಬ್ರ ಹೆಂಡ್ತಿ ಕಾರು ನೋಡಾಕ ಬಂದ್ರು. ಬೀದರಿನಂವನ ಮಾರಿ ನೋಡಿ ಅವರ ಕರಳು ಚುರ್ ಅಂತು. ನಮ್ಮ ಗಾಡಿ ಸಲುವಾಗಿ ಈ ಹುಡುಗ ನಿದ್ದಿ ಸುದ್ದಾ ಮಾಡಿಲ್ಲ ಅಂತ ಗಂಡಗ ಬೈದು, ತಂದಿದ್ದ ಉಸ್ಮಾನಿಯಾ ಬಿಸ್ಕಿಟಿನ ಡಬ್ಬಿ ಇಡಿಯಾಗಿ ಅವಗ ಕೊಟ್ರು. ಅಂವ ನನ್ನ ಕಡೆ ನೋಡ್ಕೊಂತ ಒಂದೊಂದ ತಿಂದ.

ಮರುದಿನ ನಾನೂ ಕಣ್ಣಿಗೆ ಗ್ರೀಸ್ ಹಚ್ಕೊಂಡು ಬಾಗಿಲದಾಗ ನಿಂತೆ. ಆ ಅಮ್ಮಾರು ಬರಲಿಲ್ಲ. ನಮ್ಮವ್ವ ಬುತ್ತಿ ತಂದು, ನೋಡಿ, ತಲಿಗೆ ಒಂದು ಕೊಟ್ಟು ಹೋದಳು.

೪. ಸಿಂಹಾಸನ

ನಮ್ಮ ಜಗಳ ಕೇಳಿ ಕೇಳಿ ಉಸ್ತಾದರಿಗೆ ಸಾಕಾತು. ಎಡಗಡಿ ನೀನು ಬಿಗಿ, ಬಲಗಡಿ ಅಂವ ಬಿಗೀಲಿ ಅಂದ್ರು. ಆಕ್ಸಲ್ಲು ಒಂದೀಟು ಹಿಂದಕ್ಕ ವಾಲಬೇಕು, ಆಗ ಗಾಡಿ ನೆಟ್ಟಗ ಓಡ್ತೈತಿ. ಅದಕ್ಕ ಎರಡೂ ಕಡೆ ಸ್ಪ್ರಿಂಗ್ ಪಾಟಾ ಕೆಳಗ, ಒಂದು ತುದಿ ದಪ್ಪ ಒಂದು ತುದಿ ತೆಳ್ಳಗಿರೂ ಕಬ್ಬಿಣದ ಬೆಣಿ ಒಂದೊಂದು ಇಡಬೇಕು. ನಾವಿಬ್ಬರೂ ಗಾಡಿ ಕೆಳಗ ಒಂದ ಕಡೆ ತಲಿ ಹಾಕಿ ಮಲಗಿದ್ವಿ. ಬೆಣಿಯ ದಪ್ಪ ತುದಿ ನಿಮ್ಮ ತಲಿ ಕಡೆ ಬರ್ಲಿ ಅಂತ ಹೇಳಿ ಉಸ್ತಾದರು ಶುಕ್ರವಾರದ ನಮಾಜಿಗೆ ಹೋದ್ರು.

ಅವರು ಹೋದ ಮ್ಯಾಲೆ, ಬಾಜೂಕ ಆ ಬಿಸ್ಕಿಟ್ ತಿಂದ ಮಾರಿ ನೋಡಾಕ ಆಗದ ನಾನು ಹೊಳ್ಳಿ, ಅವನ ಕಾಲಿನ ಕಡೆ ತಲಿ ಹಾಕಿ ಮಲಗಿದೆ. ಇಬ್ಬರೂ ಹಟ ಹಿಡಿದು ಬಿಗಿದ್ವಿ. ಉಸ್ತಾದರು ಬಂದು ಎಲ್ಲಾ ನಟ್ಟು ಜಗ್ಗಿ ನೋಡಿದ್ರು. ಭಾರೀ ಬಿಗಿ. ಸೀಟಿಗೆ ರೂಪಾಯಿ ಚಿಮ್ಮಿದ್ರು. ನಾನು ಗೆದ್ದೆ. ಬೀದರಿನಂವನ ಮಾರಿ ಸುಟ್ಟ ಬದನಿಕಾಯಿ.

ಹಿಂದಿನ ಬಯಲಿನಾಗ ಟ್ರಯಲ್. ಸಾಹೇಬ್ರ ಪಕ್ಕ ನಾನು ಮೊಣಕೈ ಹೊರಗ ಚಾಚಿ ಕುಂತೆ. ಗೇಟಿನ ಆಚೆ ಅಮ್ಮಾರು ಕ್ಯಾಮೆರಾ ಹಿಡಿದು ನಿಂತಿದ್ರು. ಗಾಡಿ ಗುಡುಗಿ, ಗೇಟಿನ ತನಕ ಹೋಗಿ, ಎಡಕ್ಕ ಹೊಳ್ಳಿ, ಇಡೀ ಬಯಲು ಸುತ್ತಿ ಮತ್ತ ಬೀದರಿನಂವನ ಮುಂದ ಬಂತು. ಅವಗ ಕೈ ಬೀಸಿದೆ. ಸಾಹೇಬ್ರು ಮತ್ತೊಂದು ಸುತ್ತು ಒಯ್ದರು. ಮತ್ತ ಕೈ ಬೀಸಿದೆ. ಇನ್ನೊಂದು ಸುತ್ತಿಗೆ ನನಗ ಕಣ್ಣೀರು ಬರೂದೊಂದ ಬಾಕಿ. ಇಷ್ಟು ಪ್ರೀತಿಯಿಂದ ನಮ್ಮಪ್ಪ ಸೈಕಲ್ ಮ್ಯಾಲೂ ತಿರುಗಿಸಿಲ್ಲ.

"ಸಾಕ್ರೀ ಸಾಹೇಬ್ರ, ಭಾಳ ಆತು," ಅಂದೆ ನಾಚ್ಕೊಂಡು.

ಅವರು ಬೆವತು ನೀರಾಗಿ ಸ್ಟೇರಿಂಗಿಗೆ ಜೋತುಬಿದ್ದಿದ್ರು. "ಮೊದಲನೇ ಸುತ್ತಿಂದ ಗೇಟಿನ ಹೊರಗ ಹೋಗಾಕ ನೋಡಾಕತ್ತೀನೋ ಮಾರಾಯಾ," ಅಂದ್ರು. "ನೆಟ್ಟಗ ಹೋಗವಲ್ದು."

ಹೆಂಗೋ ನಿಲ್ಲಿಸಿದ್ರು. ಉಸ್ತಾದರು ಬಗ್ಗಿ ನೋಡಿದ್ರ ಒಂದು ಬೆಣಿಯ ದಪ್ಪ ತುದಿ ಮುಂದ, ಇನ್ನೊಂದರದು ಹಿಂದ. ಹಣಿ ಹಣಿ ಬಡ್ಕೊಂಡು, ಪಾನಾ ತಗೊಂಡು ಬಾ, ಎಲ್ಲಾ ಬಿಚ್ಚಬೇಕು ಅಂತ ಬೀದರಿನಂವನ್ನ ಕರದ್ರು. ಅಂವ ಎಲ್ಲಿದ್ದ? ನಾನು ಇಳಿಯೂದ ತಡ, ಆ ಸೀಟಿನಾಗ ಕುಂತು ಬಾಗಿಲಾ ಗಟ್ಟಿ ಹಿಡಕೊಂಡಿದ್ದ.

"ಅವಗ ಎಷ್ಟು ಸುತ್ತು ಹೊಡಿಸೀರೋ ನನಗೂ ಅಷ್ಟು ಹೊಡಸ್ರಿ ಉಸ್ತಾದ್," ಅಂದ. "ಆಮ್ಯಾಲೆ ಬೇಕಾದ್ರ ರಿಪೇರಿ ಮಾಡ್ರಿ."