ನಮ್ಮ ಮನೆಯಲ್ಲಿ ಜಿರಳೆ ಇಲ್ಲ

ಜಿರಳೆ ಇರುವ ಮನೆಗಳಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಜಿರಳೆ ಇಲ್ಲವೆಂದು ಹೇಳಿಕೊಳ್ಳುವ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ನಡೆಯುತ್ತದೆ. ಪುಣೆಗೆ ಬಂದ ಮೇಲೆ ನಾನು ಎರಡೂ ಬಗೆಯ ಮನೆಗಳಲ್ಲಿ ಇದ್ದೇನೆ. ಎರಡೂ ಒಂದೇ ಮನೆ.

ಅದು ಕೊಂಢವಾದಲ್ಲಿ, ನಾಲ್ಕನೆಯ ಮಹಡಿಯಲ್ಲಿದೆ. ಬಾಡಿಗೆಗೆ ಹನ್ನೊಂದು ತಿಂಗಳ ಕರಾರು. ಮನೆಯ ಒಡತಿ, ಇಲ್ಲಿಯ ಮಾತಿನಲ್ಲಿ ಮಾಲಕೀಣಬಾಯಿ, ಊರೊಳಗಿನ ಹಳೆಯ ಪೇಟೆಯಲ್ಲಿ ಗಂಡನೊಂದಿಗೆ ಇರುತ್ತಾರೆ. ನಡುವೆ ಒಮ್ಮೆ, ಕರಾರು ಮುಗಿಯುವ ಮುಂಚೆ ಇನ್ನೊಮ್ಮೆ ಬಂದು ಮನೆ ನೋಡಿ ಹೋಗುತ್ತಾರೆ. ಹಿಂದಿನ ಸಲ ಬಂದಾಗ ಅಡುಗೆಮನೆಯ ಕಪಾಟು ತೆಗೆದರು. ಒಳಗಿದ್ದ ಜಿರಳೆ ಅವರನ್ನು ನೋಡಿತು. ಅವರೂ ಅದನ್ನು ನೋಡಿದರು.

"ಈ ಫ್ಲ್ಯಾಟಿನಲ್ಲಿ ಹಿಂದೆ ಯಾವತ್ತೂ ಇರಲಿಲ್ಲ," ಅಂದರು ಮರಾಠಿಯಲ್ಲಿ. "ನೀವು ಊರಿಂದ ಜೋಳದ ಚೀಲ ತರುತ್ತೀರಲ್ಲ, ಅದರಲ್ಲಿ ಬಂದಿದೆ. ಇದು ಕರ್ನಾಟಕದ್ದು."

ನಾನು ಆ ಜಿರಳೆಯನ್ನು ಯಾವ ಭಾಷೆಯಲ್ಲೂ ಮಾತಾಡಿಸಿರಲಿಲ್ಲ. ಹಾಗಾಗಿ ಅದರ ಊರಿನ ಬಗ್ಗೆ ವಾದ ಮಾಡಲು ಹೋಗಲಿಲ್ಲ.

"ಮದುವೆಯಾಗಿ ಬಂದಾಗಿನಿಂದ ನನ್ನ ಮನೆಯಲ್ಲಿ ಒಂದೇ ಒಂದು ಕಂಡಿಲ್ಲ," ಎಂದು ಮುಂದುವರಿಸಿದರು. "ಮುಂದಿನ ಸಲ ಇಲ್ಲಿ ಒಂದು ಕಂಡರೂ ಕರಾರು ಮಾಡಿಕೊಡುವುದಿಲ್ಲ. ಬೇರೆ ಮನೆ ನೋಡಿಕೊಳ್ಳಿ."

ಬೇರೆ ಮನೆ ಸಿಗುತ್ತಿರಲಿಲ್ಲ ಎಂದೇನಲ್ಲ. ಪ್ರಶ್ನೆ ಅವ್ವನದು. ಪುಣೆಯ ಹಿಂದಿನ ಎರಡು ಮನೆಗಳಲ್ಲಿ ಅವ್ವ ನಿಲ್ಲಲಿಲ್ಲ. ಅವಳಿಗೆ ಮರಾಠಿ ಬಾರದು. ಮಾತಿಗೆ ಯಾರೂ ಇಲ್ಲವೆಂದು ಹದಿನೈದು ದಿನದೊಳಗೆ ವಿಜಯಪುರದ ಬಸ್ಸು ಹತ್ತುತ್ತಿದ್ದಳು. ಈ ಕಟ್ಟಡದ ವಾಚಮನ್ನನ ಹೆಂಡತಿ ಯಾದಗಿರಿ ಕಡೆಯವಳು. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಗಾರೆ ಹೊರುವ ಹೆಂಗಸರೂ ಅತ್ತಲವರೇ. ಸಂಜೆ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತು ಅವ್ವ ಅವರೆಲ್ಲರ ಸಂಸಾರ ವಿಚಾರಿಸುತ್ತಾಳೆ, ಅವರು ಕೇಳದಿದ್ದರೂ ತೀರ್ಪು ಕೊಡುತ್ತಾಳೆ. ಈ ಮನೆಗೆ ಬಂದ ಮೇಲೆ ಬಸ್ಸಿನ ಮಾತೆತ್ತಿಲ್ಲ.

"ಈ ಮನಿ ಬಿಡಿಸಿದ್ರ ನಾ ಊರಿಗೆ ಹೋಗಾಕಿ," ಅಂದಳು. "ಜೊಂಡಿಗದ ಸಲುವಾಗಿ ಹಡದವ್ವನ್ನ ಕಳಿಸಿದಾ ಅಂತ ಮಂದಿ ಅಂತಾರ. ನಿನಗ ಬಿಟ್ಟದ್ದು."

ಅಂದರೆ ಜಿರಳೆ ಹೋಗಬೇಕು, ಇಲ್ಲವೇ ಅವ್ವ ಹೋಗಬೇಕು. ಅಲ್ಲಿಂದ ಶುರುವಾಯಿತು.

ಬೆಳಗಿನ ವಾಕಿಂಗ್

ಮೊದಲ ಅಡ್ಡಿ ಅವ್ವನಿಂದಲೇ ಬಂತು. ನಾನು ಚಪ್ಪಲಿ ಎತ್ತಿದಾಗ ಕೈ ಹಿಡಿದಳು.

"ಶ್ರಾವಣದಾಗ ಜೀವ ಹೊಡಿಬಾರದು."

"ಭಾದ್ರಪದದಾಗ ಹೊಡಿಬಹುದೇನು?"

"ಭಾದ್ರಪದ ಬರ್ಲಿ, ಆಮ್ಯಾಲೆ ಹೇಳ್ತೀನಿ."

ಹೊಡೆಯುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಹೀಗಾಗಿ ಒಂದು ವಿಧಾನ ಕಂಡುಕೊಂಡೆ. ಜಿರಳೆಯ ಮೇಲೆ ಸ್ಟೀಲಿನ ಲೋಟ ಕವುಚುವುದು, ಅಡಿಯಲ್ಲಿ ಒಂದು ದಪ್ಪ ಲಗ್ನಪತ್ರಿಕೆ ತೂರಿಸುವುದು, ಲಿಫ್ಟಿನಲ್ಲಿ ಇಳಿದು ಗೇಟಿನ ಪಕ್ಕದ ಕಂಟಿಪೊದೆಯಲ್ಲಿ ಬಿಡುವುದು. ನೆಂಟರ ಲಗ್ನಪತ್ರಿಕೆಗಳಿಂದ ನನಗೆ ಆದ ಉಪಯೋಗ ಇದೊಂದೇ.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ವಾಚಮನ್ನನ ಹೆಂಡತಿ ಕಸಬರಿಗೆ ನಿಲ್ಲಿಸಿ ಕೇಳಿದಳು.

"ಸಾಹೇಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ದಿನಾ ಗ್ಲಾಸಿನ್ಯಾಗ ಏನೋ ತಂದು ಈ ಕಂಟ್ಯಾಗ ಬಿಡ್ತೀರಲ್ರಿ, ಏನ್ರಿ ಅದು?"

"ಜೊಂಡಿಗ."

"ಹಂಗಾರ ಅವು ನಿಮ್ಮವ ಏನ್ರಿ. ಇಲ್ಲಿಂದ ಸೀದಾ ನಮ್ಮ ಖೋಲಿಗೆ ಬರ್ತಾವ್ರಿ."

"ಹೊಡದ ಹಾಕಬೇಕಿತ್ತಲ್ಲ ಮತ್ತ?"

"ಶ್ರಾವಣದಾಗ ಹೊಡಿಬ್ಯಾಡ ಅಂತ ನಿಮ್ಮ ಅವ್ವಾರ ಹೇಳ್ಯಾರ್ರಿ. ನಾ ಏನ್ ಮಾಡ್ತೀನಿ, ಮೆಲ್ಲಕ ದೂಡಿ ಆ ಪೈಪಿನ ಬಾಯಾಗ ಬಿಟ್ಟುಬಿಡ್ತೀನ್ರಿ."

ಅವಳು ತೋರಿಸಿದ ಪೈಪನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದೆ. ಅದು ನಮ್ಮ ಬಚ್ಚಲಿಗೆ ಬರುತ್ತಿತ್ತು. ನಾನು ಲಿಫ್ಟಿನಲ್ಲಿ ಇಳಿಸುತ್ತಿದ್ದೆ, ಅದು ಪೈಪಿನಲ್ಲಿ ಹತ್ತುತ್ತಿತ್ತು. ಶ್ರಾವಣವಿಡೀ ನಾನು ಒಂದೇ ಜಿರಳೆಯನ್ನು ವಾಕಿಂಗಿಗೆ ಕರೆದೊಯ್ದಿದ್ದೆನೆಂದು ಕಾಣುತ್ತದೆ.

ದೇವರ ಪಾಲು

ನಾನು ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವನು. ಕುರಕುಂಭದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಇಷ್ಟು ಗೊತ್ತಾದವರೆಲ್ಲ ಕೇಳುವುದು ಒಂದೇ: "ನಿಮ್ಮ ಕಂಪನಿಯಿಂದಲೇ ಏನಾದರೂ ತಂದು ಹೊಡೆಯಬಾರದೇ?" ನಮ್ಮಲ್ಲಿ ತಯಾರಾಗುವುದು ಹೊಟ್ಟೆಯುರಿಯ ಗುಳಿಗೆಗೆ ಬೇಕಾದ ಪುಡಿ. ಅದನ್ನು ಹಾಕಿದರೆ ಜಿರಳೆಗೆ ತೇಗು ಸರಿಯಾಗಿ ಬಂದೀತು.

ಭಾದ್ರಪದ ಬಂದು, ಅವ್ವನ ಅಪ್ಪಣೆಯಾದ ಮೇಲೆ ಹೆಂಡತಿ ಬೋರಿಕ್ ಪುಡಿ ತರಿಸಿದಳು. ಗೋಧಿಹಿಟ್ಟು, ಸಕ್ಕರೆ ಸೇರಿಸಿ ಉಂಡೆ ಕಟ್ಟಿ ಮೂಲೆಗಳಲ್ಲಿ ಇಡಬೇಕು. ಅವಳಿಗೆ ಯಾವುದನ್ನೂ ಚೆನ್ನಾಗಿ ಮಾಡದೆ ಇರಲು ಬಾರದು. ತುಪ್ಪ ಹಾಕಿದಳು, ಏಲಕ್ಕಿ ಹಾಕಿದಳು.

"ಏಲಕ್ಕಿ ಯಾಕ?" ಅಂದೆ.

"ವಾಸನಿಗೆ ಬರಬೇಕಲ್ರಿ."

ಬಂದರು. ಎದುರು ಮನೆಯ ಸೊಸೈಟಿ ಸೆಕ್ರೆಟರಿ ನೀರಿನ ಟಾಕಿ ತೊಳೆಸುವ ವಿಷಯ ಹೇಳಲು ಬಂದರು. ಮಾಲಕೀಣಬಾಯಿಗೆ ಕಟ್ಟಡದ ಸುದ್ದಿಯನ್ನೆಲ್ಲ ಫೋನಿನಲ್ಲಿ ಮುಟ್ಟಿಸುವವರು ಅವರೇ. ಮೇಜಿನ ಮೇಲೆ ಆರಲು ಇಟ್ಟಿದ್ದ ಉಂಡೆಗಳಲ್ಲಿ ಒಂದನ್ನು, ಮಾತಾಡುತ್ತ ಮಾತಾಡುತ್ತ, ತಮ್ಮದೇ ಮನೆಯೆಂಬಂತೆ ಎತ್ತಿಕೊಂಡರು.

ಅದೇನೆಂದು ಹೇಳಿದರೆ ಸಂಜೆಯೊಳಗೆ ಸುದ್ದಿ ಮಾಲಕೀಣಬಾಯಿಯ ಪೇಟೆ ಮುಟ್ಟುತ್ತದೆ. ಹೇಳದಿದ್ದರೆ ಸೆಕ್ರೆಟರಿ ಆಸ್ಪತ್ರೆ ಮುಟ್ಟುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಹೇಳಿದಳು:

"ಕಾಕಾ, ಇನ್ನೂ ನೈವೇದ್ಯ ಆಗಿಲ್ಲ."

ಅವರು ಉಂಡೆಯನ್ನು ಕಣ್ಣಿಗೆ ಒತ್ತಿಕೊಂಡು ತಟ್ಟೆಗೆ ಮರಳಿಸಿದರು. ಕುರ್ಚಿ ಎಳೆದುಕೊಂಡರು. "ನೈವೇದ್ಯ ಮಾಡಿ, ಕಾಯುತ್ತೇನೆ. ಅವಸರವಿಲ್ಲ."

ದೇವರಿಗೆ ಕೈ ಮುಗಿಯುವ ಅಭ್ಯಾಸ ನನಗೆ ಕಾಲೇಜಿನಲ್ಲೇ ಬಿಟ್ಟುಹೋಗಿದೆ. ಆದರೂ ಹೆಂಡತಿ ನನ್ನನ್ನು ನೋಡಿದ ರೀತಿಗೆ ತಟ್ಟೆಯೆತ್ತಿಕೊಂಡು ಹೋಗಿ ಗಂಟೆ ಬಾರಿಸಿದೆ. ಒಳಗಿನ ಕೋಣೆಯಿಂದ ಅವ್ವ, "ಯಾರು ಗಂಟಿ ಹೊಡ್ಯಾವ್ರು? ನನ್ನ ಮಗ ಮನ್ಯಾಗಿಲ್ಲೇನು?" ಅಂದಳು.

ಹೆಂಡತಿ ಸೆಕ್ರೆಟರಿಗೆ ಡಬ್ಬಿಯಿಂದ ಶೇಂಗಾ ಉಂಡೆ ತಂದುಕೊಟ್ಟಳು. ತಿಂದರು, ಮೆಚ್ಚಿದರು, "ಆ ಬಿಳಿಯವು?" ಎಂದು ಕೇಳಿದರು.

"ಅವು ದೇವರ ಪಾಲು, ಕಾಕಾ."

ದೇವರ ಪಾಲನ್ನು ಸಂಜೆ ಸಿಂಕಿನ ಕೆಳಗೂ ಫ್ರಿಜ್ಜಿನ ಹಿಂದೂ ಇಟ್ಟೆವು. ಜಿರಳೆಗಳು ಹತ್ತಿರ ಸುಳಿಯಲಿಲ್ಲ. ತುಪ್ಪ, ಏಲಕ್ಕಿ ಹಾಕಿದ ವಿಷವನ್ನು ಗುರುತಿಸುವಷ್ಟು ಬುದ್ಧಿ ಅವಕ್ಕಿತ್ತು. ಮೋಸ ಹೋದವರು ಸೆಕ್ರೆಟರಿ ಒಬ್ಬರೇ.

ನಿಮ್ಮಲ್ಲಿ ನಾನು ಯಾರು?

ಕರಾರು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಪೆಸ್ಟ್ ಕಂಟ್ರೋಲಿನವನಿಗೆ ಫೋನು ಮಾಡಿದೆ. ಕಂಪನಿಯ ಹೆಸರಿನ ಅಂಗಿ ಹಾಕಿಕೊಂಡು ಬರಬೇಡ, ಪಂಪು ಹೊರಬೇಡ, ಸಾದಾ ಚೀಲದಲ್ಲಿ ಏನಿದೆಯೋ ತಾ ಅಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ನಿಮ್ಮಲ್ಲಿ ನಾನು ಯಾರು, ಸಾಹೇಬ?" ಎಂದು ಹಿಂದಿಯಲ್ಲಿ ಕೇಳಿದ.

"ಅಂದರೆ?"

"ಗೇಟಿನಲ್ಲಿ ಏನು ಹೇಳಲಿ? ನಿಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ನೀರಿನ ಫಿಲ್ಟರಿನವನು. ಆರರಲ್ಲಿ ಮಗಳಿಗೆ ಗಣಿತ ಹೇಳಿಕೊಡುವವನು."

"ಇಂಟರ್ನೆಟ್ ರಿಪೇರಿ ಅನ್ನು."

"ಅದನ್ನು ಮೊದಲನೇ ಮಹಡಿಯವರು ತೆಗೆದುಕೊಂಡಿದ್ದಾರೆ. ಇರಲಿ, ಇಂಟರ್ನೆಟ್ ಯಾರ ಮನೆಯಲ್ಲೂ ಕೆಡಬಹುದು."

ಬಂದ. ಕಪಾಟುಗಳ ಸಂದಿಗಳಲ್ಲಿ ಜೆಲ್ಲಿನ ಹನಿ ಇಟ್ಟ. ಹೊರಡುವಾಗ ಎರಡು ಮಾತು ಹೇಳಿದ. "ಕೆಲವು ದಿನ ಹಗಲಲ್ಲೇ ಅಮಲೇರಿದವರ ಹಾಗೆ ಹೊರಗೆ ಬರುತ್ತವೆ. ಗಾಬರಿಯಾಗಬೇಡಿ, ಆಮೇಲೆ ನಿಲ್ಲುತ್ತದೆ. ಹಿಂದೆ ಮೊಟ್ಟೆಯ ಚೀಲ ಇರುವುದು ಕಂಡರೆ ಮಾತ್ರ ಕೂಡಲೇ ಹೊರಗೆ ಹಾಕಿ. ತಾಯಿ ಸತ್ತರೂ ಒಳಗಿನ ಮರಿಗಳು ಉಳಿಯುವುದುಂಟು."

ಬಾಗಿಲು ತೆಗೆದೆವು. ಅದೇ ಹೊತ್ತಿಗೆ ಎದುರು ಬಾಗಿಲೂ ತೆರೆಯಿತು. ಸೆಕ್ರೆಟರಿಯ ಹೆಂಡತಿ ಅವನನ್ನು ಕಂಡು, ನನ್ನನ್ನು ಕಂಡು, ಒಂದು ಕ್ಷಣ ಯೋಚಿಸಿ, ಅವನಿಗೆ ಕೈ ಮುಗಿದರು.

"ಮಹಾರಾಜ, ನೀವು ಶಾಂತಿ ಮಾಡಿಸಿದ ಮೇಲೆ ಒಂದು ತಿಂಗಳು ಆರಾಮಿತ್ತು. ಈಗ ಮತ್ತೆ ಶನಿ ಕಾಣಿಸಿಕೊಂಡಿದೆ."

"ದೊಡ್ಡ ಶನಿಯೋ ಸಣ್ಣದೋ?" ಅಂದ ಅವನು, ಮುಖ ಅಲ್ಲಾಡಿಸದೆ.

"ಸಣ್ಣವು. ಗ್ಯಾಸಿನ ಒಲೆಯ ಹಿಂದೆ."

ಜ್ಯೋತಿಷ್ಯದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಗ್ರಹ ಕಂಡಲ್ಲಿ ಜೆಲ್ ಹಚ್ಚುವ ಜ್ಯೋತಿಷಿಯನ್ನು ಅಲ್ಲಗಳೆಯುವುದು ಕಷ್ಟ.

ಉಡಿ

ಮಾಲಕೀಣಬಾಯಿ ಹೇಳದೆ ಕೇಳದೆ ಬಂದದ್ದು ಅದರ ಮರುದಿನವೇ. ನವರಾತ್ರಿಯ ಶುಕ್ರವಾರ. ನಾನು ರಜೆಯಲ್ಲಿದ್ದೆ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದರು. ಕಪಾಟು ತೆಗೆದರು, ಸಿಂಕಿನ ಕೆಳಗೆ ಬಗ್ಗಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿದರು. ಏನೂ ಇರಲಿಲ್ಲ. ನಿರಾಶೆಯಾದವರ ಹಾಗೆ ಹಾಲಿಗೆ ಬಂದು ಸೋಫಾದಲ್ಲಿ ಕೂತು, ಕರಾರಿನ ಕಾಗದ ತೆಗೆದು ಪಕ್ಕದಲ್ಲಿಟ್ಟುಕೊಂಡರು.

ಆಗ ಅವರ ತಲೆಯ ಹಿಂದಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಮರೆಯಿಂದ, ಒಂದು ಹೊರಗೆ ಬಂತು. ನಡು ಮಧ್ಯಾಹ್ನ. ಯಾರ ಅಂಜಿಕೆಯೂ ಇಲ್ಲದೆ, ಹಬ್ಬದೂಟ ಮುಗಿಸಿದವರ ನಡಿಗೆಯಲ್ಲಿ. ಹಿಂದೆ ಮೊಟ್ಟೆಯ ಚೀಲ ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ನೋಡಿದೆ. ಹೆಂಡತಿ ನೋಡಿದಳು. ಇಬ್ಬರೂ ಮಾಲಕೀಣಬಾಯಿಯತ್ತ ನೋಡಿ ನಕ್ಕೆವು.

"ಬಚ್ಚಲು ನೋಡುವುದು ಉಳಿಯಿತು," ಎಂದು ಅವರು ಏಳಲು ಹೊರಟರು. ಎದ್ದರೆ ತಿರುಗಬೇಕು. ತಿರುಗಿದರೆ ಮುಗಿಯಿತು.

"ಏಳಬ್ಯಾಡ್ರವ್ವಾ, ಕುಂಡ್ರ್ರಿ."

ಅವ್ವ ತಟ್ಟೆ ಹಿಡಿದು ಬಂದಿದ್ದಳು. ಅರಿಶಿನ ಕುಂಕುಮ, ಅಕ್ಕಿ, ತೆಂಗಿನಕಾಯಿ, ರವಿಕೆಗೆಂದು ಒಂದು ಹಸಿರು ಖಣ. ಗೋಡೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವಳ ಕಣ್ಣು ಅಷ್ಟು ದೂರ ಹೋಗುವುದಿಲ್ಲ. "ನವರಾತ್ರ್ಯಾಗ ಶುಕ್ರವಾರ ಮುತ್ತೈದಿ ಮನಿಗೆ ಬಂದಾಳ. ಉಡಿ ತುಂಬದ ಹ್ಯಾಂಗ ಕಳಸೂದು?"

ಮಾಲಕೀಣಬಾಯಿಗೆ ಕನ್ನಡ ಬಾರದಿದ್ದರೂ ತಟ್ಟೆ ಅರ್ಥವಾಯಿತು. ಅವರಲ್ಲೂ ಇದೇ ಪದ್ಧತಿ. ಮುಖ ಮೆತ್ತಗಾಯಿತು. ಕೂತರು, ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದರು. ಉಡಿಯೊಡ್ಡಿ ಕೂತ ಹೆಂಗಸು ಹಿಂದೆ ತಿರುಗಲಾರಳು. ಸಂಪ್ರದಾಯಗಳ ಬಗ್ಗೆ ನನಗಿದ್ದ ಅಭಿಪ್ರಾಯ ಆ ಗಳಿಗೆಯಲ್ಲಿ ಸ್ವಲ್ಪ ಸುಧಾರಿಸಿತು.

ಅವ್ವ ತಟ್ಟೆಯನ್ನು ಸೋಫಾದ ಪಕ್ಕದ ಸ್ಟೂಲಿನ ಮೇಲಿಟ್ಟು ಕುಂಕುಮ ಹಚ್ಚಲು ಬಗ್ಗಿದಳು. ಜಿರಳೆ ಗೋಡೆ ಇಳಿಯಿತು. ಸೋಫಾದ ತೋಳಿನ ಮೇಲೆ ಬಂತು. ಸ್ಟೂಲಿಗೆ ದಾಟಿ ತಟ್ಟೆಯ ಅಂಚು ಹತ್ತಿತು, ತೆಂಗಿನಕಾಯಿಗೆ ಒಂದು ಪ್ರದಕ್ಷಿಣೆ ಹಾಕಿತು, ಮಡಿಸಿದ ಖಣದ ಒಳಗೆ ಹೋಗಿ ಕೂತಿತು.

ಹೆಂಡತಿ ತಟ್ಟೆಯತ್ತ ಕೈ ಚಾಚಿದಳು. "ಅತ್ತಿ, ಆ ಖಣ ಬ್ಯಾಡ್ರಿ. ಬ್ಯಾರೆ ತರ್ತೀನಿ."

"ಯಾಕ? ಚಂದ ಅದಲ್ಲ ಬಣ್ಣ."

"ಹಳೇದು ಅದ್ರಿ."

ಖಣ ಎಂಬ ಮಾತು ಮರಾಠಿಯಲ್ಲೂ ಖಣವೇ. ಮಾಲಕೀಣಬಾಯಿ ತಟ್ಟೆಯತ್ತ ಕಣ್ಣು ಹೊರಳಿಸಿದರು. "ಗುಳೇದಗುಡ್ಡದ್ದಲ್ಲವೇ? ಬದಲಿಸಬೇಡಿ. ನನಗೆ ಅದೇ ಇರಲಿ."

ಅವ್ವ ಐದು ಬೊಗಸೆ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಮೇಲೆ ಖಣ ಇಟ್ಟಳು. ಅರವತ್ತು ದಾಟಿದವರೆಂಬುದನ್ನೂ ನೋಡದೆ, "ಮನಿ ತುಂಬ ಮಕ್ಕಳು ಮರಿ ಆಗ್ಲಿ," ಎಂದು ಹರಸಿದಳು. ಸೆರಗಿನ ತುದಿ ತಾನೇ ಗಂಟು ಹಾಕಿ, "ಮನಿಗೆ ಹೋಗಿ ದೇವರ ಮುಂದ ಬಿಚ್ಚಬೇಕು, ನಡುವ ಬಿಚ್ಚಬಾರದು ಅಂತ ಹೇಳು," ಅಂದಳು. ಹೆಂಡತಿ ಅನುವಾದ ಮಾಡಿದಳು. ಇಷ್ಟು ನಿಷ್ಠೆಯ ಅನುವಾದವನ್ನು ನಾನು ಕೇಳಿಲ್ಲ.

ಒಂದು ವಾಕ್ಯ ಸಾಕಿತ್ತು: ಬಾಯಿ, ನಿಮ್ಮ ಉಡಿಯಲ್ಲಿ ಜಿರಳೆ ಇದೆ. ಆ ವಾಕ್ಯದ ಕೊನೆಯಲ್ಲಿ ವಿಜಯಪುರದ ಬಸ್ಸು ನಿಂತಿತ್ತು. ನಾನು ನೀರು ಕುಡಿದೆ.

ಅವರು ಎಡಗೈಯಲ್ಲಿ ಉಡಿ ಹಿಡಿದುಕೊಂಡು ಬಲಗೈಯಲ್ಲಿ ಕರಾರಿಗೆ ಸಹಿ ಹಾಕಿದರು. ಬಚ್ಚಲು ಮರೆತೇಹೋಗಿತ್ತು. "ಮನೆ ಸ್ವಚ್ಛ ಇಟ್ಟಿದ್ದೀರಿ. ಒಂದೂ ಇಲ್ಲ."

"ಈಗ ಇಲ್ಲ," ಅಂದೆ. ಅವರು ಲಿಫ್ಟಿನೊಳಗೆ ಹೋದ ಮೇಲೆ ಅದು ನಿಜವೂ ಆಯಿತು.

ದೀಪಾವಳಿ ಮುಗಿದ ಮೇಲೆ ಮಾಲಕೀಣಬಾಯಿಯ ಫೋನು ಬಂತು. ಪಕ್ಕದಲ್ಲಿ ಗಂಡ ಇದ್ದರೇನೋ, ದನಿ ತಗ್ಗಿಸಿ ಮಾತಾಡುತ್ತಿದ್ದರು.

"ನಿಮ್ಮ ಕಟ್ಟಡಕ್ಕೆ ಒಬ್ಬ ಜ್ಯೋತಿಷಿ ಬರುತ್ತಾರಂತೆ. ಸೆಕ್ರೆಟರಿಯವರ ಹೆಂಡತಿ ಹೇಳಿದರು. ನಂಬರ್ ಇದೆಯೇ?"

"ಇದೆ. ಏನು ತೊಂದರೆ?"

ದನಿ ಇನ್ನಷ್ಟು ತಗ್ಗಿತು. "ದೇವರ ಕಟ್ಟೆಯ ಸುತ್ತ... ಶನಿ. ಸಣ್ಣ ಸಣ್ಣದು. ಎಲ್ಲಿ ನೋಡಿದರೂ."

ನಂಬರು ಕೊಟ್ಟೆ. ಅಂಗಿ ಬದಲಿಸಿ ಬರಲು ನಾನೇ ಅವನಿಗೆ ಹೇಳುತ್ತೇನೆಂದೆ.

ಅವ್ವ ಕೆಳಗೆ ಕಟ್ಟೆಗೆ ಹೊರಟಿದ್ದವಳು ಬಾಗಿಲಲ್ಲೇ ನಿಂತಳು. "ಮಾಲಕೀಣಬಾಯಾರ ಫೋನೇನು? ಏನಂತಾರ?"

"ಅವರ ಮನಿ ತುಂಬ ಮರಿ ಆಗ್ಯಾವಂತ, ಅವ್ವ."

"ಆಗದ ಏನು ಮಾಡ್ತಾವ," ಅಂದಳು ಚಪ್ಪಲಿ ಮೆಟ್ಟುತ್ತ. "ನಾ ಉಡಿ ತುಂಬಿದ್ದು ಯಾವತ್ತೂ ಹುಸಿ ಹೋಗಿಲ್ಲ."