ಬಾಡಿಗಿ ಖೋಲ್ಯಾಗ ಕಡ್ಡಿಹುಳ

ಹುಳ ಸಾಕಿದ ಮನಷ್ಯಾ ನಗೂ ಪ್ರಸಂಗ ಹುಡುಕಿಕೊಂಡು ಹೋಗೂದ ಬ್ಯಾಡ, ಅವೇ ವಿಳಾಸ ಕೇಳಕೋತ ಮನೀಗೆ ಬರ್ತಾವ. ಎಪ್ಪತ್ತರ ದಶಕದಾಗ ನಾ ಸಿಂದಗ್ಯಾಗ ವಿಜ್ಞಾನ ಮಾಸ್ತರ ಇದ್ದಾಗಿನ ಮಾತಿದು.

ಕರಾರು

ಲಗ್ನಾಗದವಗ ಖೋಲಿ ಕೊಡವ್ರ ಇರಲಿಲ್ಲ. ಊರೆಲ್ಲಾ ತಿರುಗಿದ ಮ್ಯಾಲೆ ಒಬ್ಬ ಮುದುಕಿ ಕೊಟ್ಳು. ಎಲ್ಲಾರೂ ಅಕಿಗೆ ಆಯಿ ಅಂತಿದ್ರು. ಅಕೀದು ಒಂದ ಕರಾರು: "ನನ್ನ ಮನ್ಯಾಗ ತತ್ತಿ ಬರಬಾರ್ದು. ತತ್ತಿ ಕಂಡ ದಿನ ಗಂಟು ಕಟ್ರಿ."

ಮುಂದ ಹತ್ತಿರದ ಯಂಕಂಚಿ ಊರಿನ ತೋಟದಾಗ, ಪೇರಲ ಗಿಡದ ಮ್ಯಾಲೆ ಒಂದು ಕಡ್ಡಿಹುಳ ಸಿಕ್ತು. ಒಣಾ ಕಡ್ಡಿಗೆ ಕಾಲು ಬಂದಂಗ ಇರ್ತೈತಿ ಅದು. ಪೇರಲ ಎಲಿ, ಕಡ್ಡಿ ಹಾಕಿದ ಗಾಜಿನ ಭರಣ್ಯಾಗ ಇಟ್ಟು ಖೋಲಿಗೆ ತಂದೆ.

ಆಯಿ ಇಣುಕಿದ್ಳು. "ಏನ್ ತಿಂತೈತ್ರಿ?"

"ಬರೇ ಪೇರಲ ಎಲಿ."

"ಹಂಗಾದ್ರ ನಮ್ಮ ಪೈಕೀನ ಬಿಡ್ರಿ!"

ಕಿವಿ

ಭರಣಿ ಸಾಲಿಗೆ ಒಯ್ದೆ. ಹೆಡ್ ಮಾಸ್ತರು ಕನ್ನಡಕ ಏರಿಸಿ ನೋಡಿ, "ಎಲ್ಲೈತ್ರಿ ಹುಳ? ಬರೇ ಕಸಾ ತುಂಬೀರಿ" ಅಂದ್ರು. ಅವರಿಗೊಂದು ಚಟ, ಉಂಡ ಮ್ಯಾಲೆ ಕಡ್ಡೀಲೆ ಕಿವಿ ಕೆರಕೋಬೇಕು. ಮಾತಾಡಕೋತ ಭರಣ್ಯಾಗ ಕೈ ಹಾಕಿ, ಚಲೋ ಕಡ್ಡಿ ಒಂದು ಆರಿಸಿ ಕಿವಿಗೆ ಒಯ್ದ್ರು. ಕಡ್ಡಿ ಕಾಲು ಚಾಚಿ ಕಿವಿ ಹಿಡೀತು. "ಯಪ್ಪೋ!" ಅಂತ ಟೇಬಲ್ ಏರಿದ್ರು. ಅವತ್ತಿಂದ ಬೀಡಿ ಹಚ್ಚಾಕ ಕಡ್ಡಿ ತಗದ್ರೂ ಮೊದ್ಲ ಅದರ ಕಾಲು ಹುಡುಕ್ತಿದ್ರು.

ಬಿತ್ತನಿ

ಒಂದಿನ ನೋಡಿದ್ರ ಹುಳ ತತ್ತಿ ಇಟ್ಟೈತಿ! ಈ ಜಾತ್ಯಾಗ ತತ್ತಿ ಇಡಾಕ ಗಂಡು ಬೇಕಂತನೂ ಇಲ್ಲ. ಖೋಲಿ ಹೋತಲ್ಲಪಾ ಅಂದಕೊಂಡೆ. ಅಷ್ಟ್ರಾಗ ಆಯಿ ಬಂದ್ಳು.

"ಇವ್ಯಾವ ಬೀಜ್ರಿ?"

ನಾ ಬಾಯಿ ತೆರೆಯೂದ್ರಾಗ ಉಡ್ಯಾಗ ಹಾಕ್ಕೊಂಡು ಹೋಗಿ ತುಳಸಿ ಕಟ್ಟ್ಯಾಗ ಬಿತ್ತಿಬಿಟ್ಳು. ದಿನಾ ನೀರು ಹಾಕೂದು, "ಮಾಸ್ತರ, ಭಾಳ ಆಲಸಿ ಬೀಜ ಅದಾವ ಬಿಡ್ರಿ" ಅಂತ ಬೈಯೂದು. ನಾ ಹೂಂ ಅನ್ನೂದು.

ತಿಂಗಳುಗಟ್ಟಲೆ ಕಳೆದು ಒಂದು ಮುಂಜಾನೆ ಚೀರಿದ್ಳು: "ಮಾಸ್ತರ, ಓಡಿ ಬರ್ರಿ! ಬೀಜ ಮೊಳಕಿ ಒಡದು ನಡಕೋತ ಹೊಂಟಾವ!"

ಕಟ್ಟಿ ತುಂಬಾ ಎಳೀ ಕಡ್ಡಿಹುಳ. ಇನ್ನ ಮುಚ್ಚಿಡೂದೇನೈತಿ? "ಆಯಿ, ಅವು ಬೀಜ ಅಲ್ಲ, ತತ್ತಿ. ನಾ ಹೊರಗಿಂದ ತಂದಿಲ್ರಿ, ಹುಳ ಇಲ್ಲೇ ಹಡದೈತಿ" ಅಂತ ಹೇಳಿ, ಗಂಟು ಕಟ್ಟಿಕೊಂಡು ಭರಣಿ ಎತ್ತಿದೆ.

ಆಯಿ ಭರಣಿ ಕಸಗೊಂಡು ಸೆರಗು ಮುಚ್ಚಿದ್ಳು. "ಬಾಣಂತೀನ ಎಲ್ಲಿಗೆ ಒಯ್ತೀರಿ? ಮಕ್ಕಳ ಸಮೇತ ಹೊರಗ ಹಾಕಿದ್ರ ಮಂದಿ ನನ್ನ ಮಾರಿಗೆ ಉಗಳ್ತಾರ. ಅಕಿ ಇಲ್ಲೇ ಇರ್ಲಿ."

ನನಗ ಜೀವ ಬಂತು. "ಹಂಗಾದ್ರ ನಾ?"

"ಕರಾರು ಅಂದ್ರ ಕರಾರು. ನೀವ್ ನಡೀರಿ. ದಿನಾ ಮುಂಜಾನೆ ಪೇರಲ ಎಲಿ ಮಾತ್ರ ತಂದು ಕೊಟ್ಟು ಹೋಗ್ರಿ!"