ಎದಿ ಬೆಳಸಲಿಕ್ಕೆ ಹೋದ ಕಾರಕೂನ

ಇವತ್ತರೆ ಸಿಟ್ಟಿಗೇಳಬಾರದು ಅಂತ ದಿನಾ ಮುಂಜಾನೆ ದೇವರಿಗೆ ಕೈಮುಗದು ಹೊರಗ ಬೀಳತೇನಿ. ಓಣಿ ತಿರುಗೂದರೊಳಗ ಯಾರರೆ ಒಬ್ಬರು ನನಗ ಸಿಟ್ಟು ಬರಸಲಿಕ್ಕೇ ತಯಾರಾಗಿ ನಿಂತಿರತಾರ. ಪುಣ್ಯಾ ಶಹರಕ್ಕ ಬಂದ ಮ್ಯಾಲಂತೂ ಇದು ಭಾಳ ಆತು. ಧಾರವಾಡದಾಗ ಸಿಟ್ಟು ಬರಸೋದಿದ್ರ ಮದಲ ಕೂಡ್ರಿಸಿ ಅವಲಕ್ಕಿ ಕೊಡತಿದ್ರು. ಇಲ್ಲಿ ಬರೇ ಬುದ್ಧಿ ಹೇಳತಾರ. ಜರ್ಮನಿ ಜೋಡಿ ಯುದ್ಧ ನಡದಿದ್ದ ಕಾಲದಾಗ ನಾ ತಾಲೀಮಿಗೆ, ಅಂದ್ರ ಪೈಲವಾನರ ಗರಡಿಮನಿಗೆ, ಹೋಗಲಿಕ್ಕೆ ಹತ್ತಿದ್ದು ಇಂಥಾ ಬುದ್ಧಿವಂತರ ಕಾಟದಿಂದನೇ.

೧. ಎದಿ ಎಲ್ಲದ?

ಕ್ಯಾಂಪಿನ ಒಂದು ಲಷ್ಕರಿ ಕಚೇರಿಯೊಳಗ ನಾ ಹಂಗಾಮಿ ಕಾರಕೂನ. ಕುದರಿಗೆ ಎಷ್ಟು ಹುಲ್ಲು ಹೋತು, ಹೇಸರಗತ್ತಿಗೆ ಎಷ್ಟು ಹುರಳಿ ಹೋತು ಅಂತ ಲೆಕ್ಕಾ ಬರಿಯೋ ಕೆಲಸ. ನೌಕರಿ ಪಕ್ಕಾ ಆಗಬೇಕಂದ್ರ ಡಾಕ್ಟರ್ ಸಾಹೇಬ 'ಫಿಟ್' ಅನ್ನಬೇಕು. ಹುಲ್ಲಿನ ಲೆಕ್ಕಾ ಬರಿಯಲಿಕ್ಕೆ ಎದಿ ಯಾಕ ಬೇಕು ಅಂತ ನನ್ನ ಕೇಳಬ್ಯಾಡ್ರಿ. ನಾನೂ ಕೇಳಿದ್ದೆ, ಯಾರೂ ಹೇಳಲಿಲ್ಲ.

ಇಂಗ್ರೇಜ ಗೋರಾ ಡಾಕ್ಟರು ನನ್ನ ಅಂಗಿ ತಗಸಿ ಎದಿ ಸುತ್ತ ಟೇಪು ಹಿಡದಾ. "ಉಸಿರು ಎಳಿ" ಅಂದಾ. ಎಳದೆ.

"ಎಳಿ" ಅಂದಾ ಮತ್ತ.

"ಎಳದೇನಿ, ಸಾಹೇಬ."

ಅಂವಾ ಟೇಪು ನೋಡಿದಾ, ನನ್ನ ಮಾರಿ ನೋಡಿದಾ. "ಛಲೋ, ಬಿಡು."

"ಬಿಟ್ಟು ಭಾಳ ಹೊತ್ತಾತು, ಸಾಹೇಬ."

ಟೇಪು ಹಿಂದೂ ಸರೀಲಿಲ್ಲ, ಮುಂದೂ ಸರೀಲಿಲ್ಲ. "ಮಳಿಗಾಲ ಮುಗದ ಮ್ಯಾಲ ಬಾ. ಆವಾಗೂ ಹಿಂಗೇ ಇದ್ರ ಮನಿಗೆ ಹೋಗು" ಅಂದುಬಿಟ್ಟಾ.

ಮನಿಗೆ ಅಂದ್ರ ಎಲ್ಲಿಗೆ? ಧಾರವಾಡಕ್ಕ, ನಮ್ಮಣ್ಣನ ಮನಿಗೆ. ಅಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿಯ ರಾಜ್ಯ. ನನ್ನ ಹೆಂಡತಿ ಆಕಿ ಕೈಕೆಳಗ ವರ್ಷಗಟ್ಲೆ ದುಡದು ಹಣ್ಣಾಗಿದ್ಲು. ಪುಣ್ಯಾದಾಗ ಕಸಬಾ ಪೇಟಿಯ ಒಂದು ಹಳೇ ವಾಡೇದೊಳಗ ನಮಗ ಎರಡು ಖೋಲಿ ಬಿಡಾರ ಸಿಕ್ಕಾಗ ಆಕಿ ಹೊಸ್ತಲಕ್ಕ ಹೂವು ಏರಿಸಿ ಅತ್ತಿದ್ಲು. ಡಾಕ್ಟರನ ಸುದ್ದಿ ಕೇಳಿ ಆಕಿ ಅಂದದ್ದು ಇಷ್ಟೇ: "ಎದಿ ಎಲ್ಲಿಂದರೆ ತರ್ರಿ, ಏನರೆ ಮಾಡ್ರಿ. ನಾ ಮಾತ್ರ ಈ ಬಿಡಾರ ಬಿಟ್ಟು ಬರೂದಿಲ್ಲ."

ಮರುದಿನ ಕಚೇರಿಯೊಳಗ ಹೆಡ್ ಕ್ಲಾರ್ಕು, "ತಾಲೀಮಿಗೆ ಹೋಗ್ರಿ, ಶರೀರ ಅಂದ್ರ ಸಂಪತ್ತು" ಅಂತ ಉಪದೇಶಾ ಶುರು ಮಾಡಿದಾ. ಅವನ ಎದಿ ನನಕಿಂತಾ ಒಂದು ಬೊಟ್ಟು ಒಳಗೇ ಇತ್ತು. ನನಗ ಪಿತ್ತ ನೆತ್ತಿಗೇರಿತು.

"ನಿಮ್ಮನ್ನ ಹೆಂಗ ಪಾಸು ಮಾಡಿದ್ರು?" ಅಂತ ಕೇಳೇಬಿಟ್ಟೆ.

"ನಾ ಸೇರೋಮುಂದ ಡಾಕ್ಟರು ರಜಾದ ಮ್ಯಾಲಿದ್ದಾ" ಅಂದಾ, ಪುಣ್ಯಾತ್ಮಾ.

೨. ಮಾರುತಿಯ ಹೊಸಾ ಭಕ್ತ

ತಾಲೀಮು ನಮ್ಮ ವಾಡೇದ ಹಿಂದಿನ ಓಣಿಯೊಳಗೇ ಇತ್ತು. ಬಾಗಲಾ ಗಿಡ್ಡದು, ಬಗ್ಗಿ ಒಳಗ ಹೋಗಬೇಕು. ಒಳಗಿಂದ ಮದಲ ತೊಡಿ ತಟ್ಟೋ ಸಪ್ಪಳಾ, ಆಮ್ಯಾಲ ಯಾರನ್ನೋ ಎತ್ತಿ ಒಗದ ಸಪ್ಪಳಾ, ಆಮ್ಯಾಲ "ಅಯ್ಯಯ್ಯೋ" ಅನ್ನೋ ಸಪ್ಪಳಾ. ಅಷ್ಟು ಕೇಳಿದ್ರ ಸಾಕು, ನನ್ನ ಕಾಲು ಅಲ್ಲೇ ಬೇರು ಬಿಡತಿದ್ವು. ಮುಚ್ಚಿಡೋದೇನದ, ಅಂಜಿಕಿ! ಒಳಗಿದ್ದವರೆಲ್ಲಾ ಆನಿಮರಿ, ನಾ ಒಬ್ಬಾಂವಾ ನುಗ್ಗಿಕಾಯಿ. ನಕ್ಕರ ಏನು ಮಾಡಲಿ? ಮುರದ್ರ ಯಾರನ್ನ ಕೇಳಲಿ? ಅಂಜಿಕಿಯಕಿಂತಾ ಅಂಜಿದೆನಲ್ಲಾ ಅನ್ನೋ ಸಿಟ್ಟು ಹೆಚ್ಚಿತ್ತು.

ತಾಲೀಮಿಗೆ ಹತ್ತಿ ಒಂದು ಮಾರುತಿ ಗುಡಿ. ಬಾಗಲತನಕಾ ಹೋಗಿ, ಧೈರ್ಯ ಸಾಲದ, ಗುಡಿಗೇ ಬಂದಾಂವಾ ಅನ್ನೋಹಂಗ ಪ್ರದಕ್ಷಿಣಿ ಹಾಕಿ ಮನಿಗೆ ಬರತಿದ್ದೆ. ದಿನಾ ಇದೇ ಆಟ. ಪೂಜಾರಿ ನನ್ನ ಭಕ್ತಿ ಕಂಡು ಕರಗಿಹೋಗಿ ವಾಡೇದ ತುಂಬ ಸಾರಿಬಿಟ್ಟಾ. ನಳದ ಕಡೆ ಹೆಂಗಸರು ನನ್ನ ಹೆಂಡತಿನ್ನ, "ಗಂಡು ಮಗಾ ಬೇಕಂತ ಹರಕಿ ಹೊತ್ತಾರೇನು?" ಅಂತ ಕೇಳಲಿಕ್ಕೆ ಹತ್ತಿದ್ರು. ಮ್ಯಾಲಿನ ಮಜಲಿಯ ಪಿಂಚಣೀದಾರ ಮುದುಕಾ ಅಂತೂ ಪಂಚಾಂಗ ಹಿಡಕೊಂಡೇ ಇಳದು ಬಂದಾ.

"ದಿನಾ ಮಾರುತಿ ದರ್ಶನ! ಸಾಡೇಸಾತಿ ಇರಬೇಕು. ಶನಿ ಕಾಡಲಿಕ್ಕೆ ಹತ್ಯಾನೇನು?" ಅಂತ ಮರಾಠಿಯೊಳಗ ಕೇಳಿದಾ.

ಮದಲೇ ನನ್ನ ಹೊಟ್ಟ್ಯಾಗ ಬೆಂಕಿ. "ಹೌದ್ರಿ, ಹತ್ಯಾನ" ಅಂದೆ ಅವನ ಮರಾಠಿಯೊಳಗೇ. "ಇಷ್ಟು ದಿವಸ ಆಕಾಶದಾಗ ಇದ್ದಾ. ಇವತ್ತ ಪಂಚಾಂಗ ಬಗಲಾಗ ಇಟಗೊಂಡು ಮಜಲಿ ಇಳದು ಬಂದಾನ."

೩. ರುಮಾಲು

ಕಡೀಕ ತಾಲೀಮಿನ ಬಾಗಲಾ ದಾಟಿದೆ. ಧೈರ್ಯಾ ಬಂದು ಅಲ್ಲ. ಹಿಂದಿನಿಂದ ಪೂಜಾರಿ, "ಬರ್ರಿ ರಾಯರ, ಬರ್ರಿ! ತೀರ್ಥಾ ತೊಗೊಂಡು ಹೋಗ್ರಿ" ಅಂತ ಬೆನ್ನಹತ್ತಿದ್ದಾ. ಅವನ ಕೈಯಾಗಿಂದ ಪಾರಾಗಲಿಕ್ಕೆ ಹತ್ತಿರದ ಬಾಗಲಾ ಅದೇ ಇತ್ತು.

ಒಳಗ ಕೆಂಪು ಮಣ್ಣಿನ ಅಖಾಡ. ಅದರ ದಂಡಿಗೆ ವಸ್ತಾದ, ಅಂದ್ರ ಕುಸ್ತಿ ಕಲಿಸೋ ಗುರು, ಮೀಸಿ ಹುರಿಮಾಡಿಕೋತ ಕೂತಿದ್ದಾ. ನನ್ನ ನೋಡಿ, "ಕಪಡೇ ಕಾಢಾ" ಅಂದಾ, ಅರಿವಿ ತಗೀರಿ ಅಂತ. ಕೋಟು ತಗದೆ, ಅಂಗಿ ತಗದೆ, ಧೋತರ ತಗದೆ. ಹೆಂಡತಿ ಹೊಲದು ಕೊಟ್ಟ ಕೆಂಪು ಲಂಗೋಟಿಯೊಳಗ ನಿಂತೆ. ತಲೀ ಮ್ಯಾಲಿನ ರುಮಾಲು ಮಾತ್ರ ತಗೀಲಿಲ್ಲ. ಹೆಂಗ ತಗೀಲಿ? ನಮ್ಮ ಕಡೆ ಹಿರಿಯರ ಮುಂದ ಬರೇ ತಲೀಲೆ ನಿಂತ್ರ ಮನ್ಯಾಗ ಯಾರೋ ಸತ್ತಾರ ಅಂತ ಅರ್ಥ. ಗುರುವಿನ ಮುಂದ ಅಂಥಾ ಅಪಶಕುನ ಮಾಡೋದುಂಟ?

ಮುದ್ಗರ ತಿರಗಸಲಿಕ್ಕೆ ಹತ್ತಿದಾಂವಾ ಹಂಗೇ ನಿಂತಾ. ವಸ್ತಾದ ಎದ್ದು ನನ್ನ ಸುತ್ತ ಒಂದು ಸುತ್ತು ಹಾಕಿ, ಮರಾಠಿಯೊಳಗ, "ಕುಸ್ತಿಗೆ ಬಂದೀರೋ, ಬೀಗರ ಮನಿ ಮದವಿಗೆ ಬಂದೀರೋ?" ಅಂತ ಕೇಳಿದಾ.

ಮಂದಿ ನಕ್ಕಿದ್ದು ಮಾರುತಿಗೂ ಕೇಳಿಸಿರಬೇಕು. ಅಂಗಾಲಿನಿಂದ ನೆತ್ತೀತನಕಾ ಉರೀತು ನನಗ. "ಮದವಿಗೇ ಬಂದೇನಿ ಅನ್ನಕೋರಿ!" ಅಂತ ಮರಾಠಿಯೊಳಗೇ ಒದರಿದೆ. "ಬೀಗರು ಬಂದ್ರ ಹಿಂಗ ಹಲ್ಲು ಕಿಸೀತ ನಿಂದರತಾರೇನು? ಮದಲ ಕಾಲಿಗೆ ನೀರು ಕೊಡೋ ಪದ್ಧತಿ ನಿಮ್ಮ ಊರಾಗ ಇಲ್ಲೇನು?"

ಅವರೊಳಗ ಎಲ್ಲಾರಕಿಂತಾ ದಪ್ಪ ಇದ್ದ ಪೈಲವಾನ ಓಡಿಹೋಗಿ ಒಂದು ಕೊಡಾ ನೀರು ತಂದು, ಭಕ್ತಿಯಿಂದ ನನ್ನ ಕಾಲು ತೊಳದಾ.

೪. ಗುದ್ದಲಿ

ತಾಲೀಮಿನಾಗ ಹೊಸಬರಿಗೆ ಕುಸ್ತಿ ಕಲಸೂದಿಲ್ಲ, ಮಣ್ಣು ಅಗಸತಾರ. ಬಿದ್ದವರ ಎಲುವು ಮುರೀಬಾರದಂತ ಅಖಾಡದ ಮಣ್ಣು ದಿನಾ ಅಗದು, ಎಣ್ಣಿ ಮಜ್ಜಿಗಿ ಹಾಕಿ ಮಿದು ಮಾಡಬೇಕು. ನಾ ಅಗದ ಮಣ್ಣಿನಾಗ ಉಳದವರೆಲ್ಲಾ ಕುಸ್ತಿ ಹಿಡೀತಿದ್ರು, ನಾ ಮತ್ತ ಅಗೀತಿದ್ದೆ. ಅಂಗೈ ತುಂಬ ಗುಳ್ಳಿ ಎದ್ದು, ಕಚೇರಿಯೊಳಗ ಲೆಕ್ಕಣಿಕಿ ಹಿಡೀಲಿಕ್ಕೆ ಬರಧಂಗಾತು. ಮಳಿಗಾಲ ಅರ್ಧಾ ಮುಗದಿತ್ತು. ಧಾರವಾಡದ ವೈನಿ ಕಣ್ಣಮುಂದ ಬಂದು ನಿಂದರತಿದ್ಲು.

ಬಾಯಿಬಿಟ್ಟು ವಸ್ತಾದನ್ನ ಕೇಳಲಿಕ್ಕೆ ಮತ್ತ ಅಂಜಿಕಿ. ಹಂಗಂತ ನಾ ಸುಮ್ಮ ಇರೋ ಮನಷ್ಯಾ ಅಲ್ಲ. ಪುಣ್ಯಾದ ಪೈಲವಾನರಿಗೆ ಕನ್ನಡಾ ಎಲ್ಲಿ ತಿಳೀಬೇಕು ಅಂತ ಗುದ್ದಲಿ ಏಟಿಗೊಂದು ಬೈಗಳಾ ಜೋಡಿಸಿದೆ. "ಇವನ ಮೀಸಿ ಸುಡ್ಲಿ!" ಒಂದು ಏಟು. "ಇವನ ಗರಡಿ ಹಾಳು ಬಿದ್ದು ಎಕ್ಕಿಗಿಡಾ ಹುಟ್ಲಿ!" ಇನ್ನೊಂದು ಏಟು. "ಕೂತದ ನೋಡು ಕೋಣಾ, ತಾ ಒಂದು ದಿವಸರೆ ಗುದ್ದಲಿ ಮುಟ್ಟೇದೇನು?" ಇದಕ್ಕ ಎರಡು ಏಟು. ವಸ್ತಾದ ಕಣ್ಣು ಮುಚ್ಚಿ, ಭಜನಿ ಕೇಳೋರಹಂಗ ತಲೀ ತೂಗಿಕೋತ ಕೂತಿರತಿದ್ದಾ. ಅದನ್ನ ಕಂಡು ನನಗ ಇನ್ನಷ್ಟು ಉರೀತಿತ್ತು.

ಒಂದು ದಿವಸ ಬೈಗಳದಾಗ ಅವನ ಅಪ್ಪಾ ಅಜ್ಜಾ ಎಲ್ಲಾರನ್ನೂ ಎಳಕೊಂಡು ಬಂದಿದ್ದೆ. ಅಂವಾ ಸಾವಕಾಶ ಎದ್ದು ನನ್ನ ಬಾಜೂಕ್ಕ ಬಂದು ಕೂತಾ. ಕೂತು, ಸ್ವಚ್ಛ ಕನ್ನಡದಾಗ, "ರಾಯರ, ಬೈಯೂಮುಂದ ಅರ್ಧಾ ಉಸಿರಿಗೆ ನಿಂದರಬ್ಯಾಡ್ರಿ. ಹೊಟ್ಟೀತನಕಾ ಉಸಿರು ಎಳಕೊಂಡು ಬೈರಿ. ಎದಿ ಬೆಳೀತೈತಿ" ಅಂದಾ.

ಮಾತಿನ ಧಾಟಿ ಕೇಳಿದ್ರ ಅಂವಾ ಚಿಕ್ಕೋಡಿ ಕಡೆಯಾಂವಾ! ಸತ್ತೆ ಇವತ್ತ ಅಂದುಕೊಂಡೆ. ಅಂವಾ ಹೊಡೀಲಿಲ್ಲ, ಕಣ್ಣು ಸೈತ ಕೆಂಪು ಮಾಡಲಿಲ್ಲ.

"ಕನ್ನಡಾ ಬರತದಂತ ಮದಲೇ ಯಾಕ ಹೇಳಲಿಲ್ಲೋ ಮಾರಾಯಾ?" ಅಂತ ಅವಗೇ ಜೋರು ಮಾಡಿದೆ.

"ಹೇಳಿದ್ರ ನೀವು ಬೈಯೂದು ನಿಂದರಸತಿದ್ರಿ. ನಮ್ಮ ಕಡೆ ಬೈಗಳಾ ಕೇಳಿ ಭಾಳ ವರ್ಷಾ ಆಗಿತ್ರಿ" ಅಂದಾ.

೫. ಫಿಟ್

ಮಾರಿ ಮ್ಯಾಲೇ ಬೈಸಿಕೊಂಡಾಂವಾ ನನ್ನ ಕೊಲ್ಲಲಿಲ್ಲ ಅಂದ ಮ್ಯಾಲ ಇನ್ನ ಯಾರ ಅಂಜಿಕಿ? ಅಂದಿನಿಂದ ನಾ ತಾಲೀಮಿಗೆ ನಮ್ಮಪ್ಪನ ಮನಿಗೆ ಹೋಧಂಗ ಹೋದೆ. ದಂಡಾ ಹೊಡದೆ, ಬಸ್ಕಿ ಹೊಡದೆ, ಕುಸ್ತಿ ಹಿಡದೆ, ಬಿದ್ದೆ, ಎದ್ದೆ, ಬೈದೆ. ಮಳಿಗಾಲ ಮುಗೂದರೊಳಗ ಕೋಟಿನ ಗುಂಡಿ ಹಾಕಲಿಕ್ಕೆ ಬರಧಂಗಾತು.

ಹೋಗಿ ಡಾಕ್ಟರನ ಮುಂದ ನಿಂತೆ. "ಉಸಿರು ಎಳಿ" ಅಂದಾ. ವಸ್ತಾದ ಹೇಳಿಕೊಟ್ಟಹಂಗ ಹೊಟ್ಟೀತನಕಾ ಎಳದೆ. ಟೇಪು ಅವನ ಬೆರಳಾಗಿಂದ ಜಿಗದು ಹೋತು. ಸಾಹೇಬ ಖುಷಿಯಾಗಿ, ಗಂಟಲದ ಗಂಟು ನೋಡಬೇಕಂತ, ಎದುರಿಗೆ ನಿಂತು ನನ್ನ ಕುತಗಿಗೆ ಕೈ ಹಾಕಿದಾ.

ತಾಲೀಮಿನಾಗ ಎದುರಿನವನ ಕೈ ಕುತಗಿಗೆ ಬಿತ್ತಂದ್ರ ಕುಸ್ತಿ ಶುರು ಆತು ಅಂತ ಅರ್ಥ. ನಾ ವಿಚಾರ ಮಾಡಲಿಲ್ಲ. ವಿಚಾರ ಮಾಡೂದರೊಳಗ ನನ್ನ ಕೈ ಅವನ ಮೊಣಕಾಲ ಹಿಂದ ಹೋಗಿತ್ತು, ಭುಜಾ ಅವನ ಹೊಟ್ಟೀಗೆ ಹತ್ತಿತ್ತು. ಸಾಹೇಬ ಅಂಗಾತ ಬಿದ್ದಾ. ಬೆನ್ನು ಪೂರ್ತಿ ನೆಲಕ್ಕ ಹತ್ತಲಿಲ್ಲಂದ್ರ ಕುಸ್ತಿ ಚಿತ್ ಆಗೂದಿಲ್ಲಂತ ಎರಡೂ ಭುಜಾ ಒತ್ತಿ ಹಿಡದೆ. ಬಾಗಲಾ ಕಾಯೋ ಪಟ್ಟೇವಾಲಾ ಹೌಹಾರಿ ಚೀರಿದಾಗ ನನಗ ಎಚ್ಚರಾತು. ಕೈ ಬಿಟ್ಟು, ನೆಲಾ ಮುಟ್ಟಿ ಹಣಿಗೆ ಹಚಗೊಂಡು, "ಏಳ್ರಿ ಸಾಹೇಬ" ಅಂತ ಕೈ ಕೊಟ್ಟೆ.

ಅಂವಾ ಎದ್ದು, ಕಾಲರು ಸರಿ ಮಾಡಿಕೊಂಡು, ಮೇಜಿನ ಆಚೆ ಹೋಗಿ ನಿಂತು, "ಫಿಟ್. ನೌಕರಿ ಪಕ್ಕಾ" ಅಂದಾ. ನನ್ನ ಕಣ್ಣಾಗ ನೀರು ಬಂತು. ಆಮ್ಯಾಲ ಅಂವಾ ಬೆನ್ನು ತಿಕ್ಕೋತ, "ಬಸ್ರಾಕ್ಕ ಹೋಗು" ಅಂದಾ.

"ಸಾಹೇಬ, ಅಲ್ಲಿ ಯುದ್ಧಾ ನಡದದ! ನಾ ಹುಲ್ಲಿನ ಲೆಕ್ಕಾ ಬರಿಯಾಂವಾ!"

"ಅಲ್ಲೂ ಕುದರಿ ಹುಲ್ಲೇ ತಿಂತಾವ."

"ನಮ್ಮ ಹೆಡ್ ಕ್ಲಾರ್ಕರನ್ನ ಕಳಸ್ರಿ, ಭಾಳ ಅನುಭವಸ್ಥರು."

"ಅವರಿಗೆ ಎದಿ ಇಲ್ಲ" ಅಂದಾ. "ನೋಡು, ಲಷ್ಕರದ ಅಧಿಕಾರಿನ್ನ ಕೆಡವಿದವರಿಗೆ ಜೇಲು. ನಾ ನಿನ್ನ ಮ್ಯಾಲ ದಯಾ ತೋರಸಲಿಕ್ಕೆ ಹತ್ತೇನಿ."

ಮನೀತನಕಾ ಒದರಿಕೋತ ಬಂದೆ. ಎದಿ ಇಲ್ಲಂದ್ರ ಮನಿಗೆ ಹೋಗು, ಎದಿ ಬಂದ್ರ ಬಸ್ರಾಕ್ಕ ಹೋಗು! ಇದ್ಯಾವ ನ್ಯಾಯಾ? ಕಚೇರಿಯ ಹಲ್ಲಿಗಳೆಲ್ಲಾ ನೆರಳಾಗ ಕೂತು ಪಿಂಚಣಿ ತಿನ್ನಬೇಕು, ಮಣ್ಣು ಅಗದಾಂವಾ ಉಸುಕಿನಾಗ ಸಾಯಬೇಕು. ಇವರ ಟೇಪಿಗೆ ಬೆಂಕಿ ಬೀಳ್ಲಿ!

ಹೆಂಡತಿ ಬಾಗಲದಾಗೇ ಕಾಯ್ಕೋತ ನಿಂತಿದ್ಲು. "ನೌಕರಿ?" ಅಂದ್ಲು.

"ಪಕ್ಕಾ ಆತು."

"ಬಿಡಾರ?"

"ಉಳೀತು. ಆದ್ರ ನನ್ನನ್ನ ಸಮುದ್ರದ ಆಚೆ ಹಾಕ್ಯಾರ. ಬಸ್ರಾಕ್ಕ. ಯುದ್ಧದ ಜಾಗಾಕ್ಕ!"

ಆಕಿ ಗ್ವಾಡಿ ಹಿಡಕೊಂಡು ಕೆಳಗ ಕೂತ್ಲು. ಕಣ್ಣು ತುಂಬಿ ಬಂದ್ವು. ಅದನ್ನ ನೋಡಿ ನನ್ನ ಸಿಟ್ಟೆಲ್ಲಾ ಇಳದು ಹೋತು. ಲೋಕದಾಗ ನನ್ನ ಸಲುವಾಗಿ ಅಳೋ ಜೀವ ಒಂದರೆ ಅದ ಅನಿಸ್ತು. "ಅಳಬ್ಯಾಡ, ಲಗೂನ ಬರತೇನಿ" ಅಂತ ಸಮಾಧಾನ ಮಾಡಿದೆ. ಆಕಿ ಸೆರಗಲೆ ಕಣ್ಣು ಒರಸಿಕೊಂಡು, ಎರಡೂ ಖೋಲಿ ಒಮ್ಮೆ ಸುತ್ತ ನೋಡಿದ್ಲು.

"ನಮ್ಮ ಅವ್ವಾ ಪುಣ್ಯಾಕ್ಕ ಬರತೇನಂತ ಭಾಳ ದಿವಸದಿಂದ ಅನ್ನಲಿಕ್ಕೆ ಹತ್ಯಾಳ. ಜಾಗಾ ಇಲ್ಲಂತ ನಾನೇ ಬ್ಯಾಡ ಅಂದಿದ್ದೆ. ಈಗ ಕರಸ್ಕೋಬಹುದಲ್ರಿ?" ಅಂದ್ಲು.